ಕಿಲೋಮೀಟರ್ ಜಾಸ್ತಿಯಾದರೆ ಕಷ್ಟವೂ ಜಾಸ್ತಿಯೇ? 100 ಮೀಟರ್‌ನಿಂದ ಅಲ್ಟ್ರಾವರೆಗೆ

ಓಟದ ಹುಚ್ಚು ಹತ್ತಿದ ಇಬ್ಬರು ಸಿಕ್ಕರೆ ಮೊದಲು ಬರುವ ಪ್ರಶ್ನೆ, "ಹಾಫಾ, ಫುಲ್ಲಾ?" ಹತ್ತು ಕಿಲೋಮೀಟರ್ ಓಡಿದವರು ಸ್ವಲ್ಪ ದನಿ ತಗ್ಗಿಸಿ "ಇಲ್ಲ, ಟೆನ್ ಕೆ ಅಷ್ಟೇ" ಅನ್ನುತ್ತಾರೆ. ಐದು ಓಡಿದವರಿಗೆ "ಪರವಾಗಿಲ್ಲ ಬಿಡಿ, ಮುಂದಿನ ವರ್ಷ ಹಾಫ್ ಮಾಡುವಿರಂತೆ" ಎಂಬ ಸಮಾಧಾನ ಸಿಗುತ್ತದೆ. 5, 10, 21 (ಹಾಫ್ ಮ್ಯಾರಥಾನ್), 42 (ಫುಲ್ ಮ್ಯಾರಥಾನ್) ಕಿಲೋಮೀಟರ್. ಇದೊಂದು ಏಣಿ, ಮೇಲಿನ ಮೆಟ್ಟಿಲಿಗೆ ಹೋದವರೇ ನಿಜವಾದ ಓಟಗಾರರು ಎಂಬ ನಂಬಿಕೆ ನಮ್ಮ ಊರುಗಳಲ್ಲಿ ಗಟ್ಟಿಯಾಗಿ ಕೂತಿದೆ.

ಈ ಲೆಕ್ಕ ನನಗೆ ಒಪ್ಪಿಗೆಯಿಲ್ಲ. 400 ಮೀಟರ್ ಎಂದರೆ ಮ್ಯಾರಥಾನಿನ ಒಂದು ಚೂರಲ್ಲ. 10 ಕಿಲೋಮೀಟರ್ ಎಂದರೆ ನಡುವೆ ಕೈಬಿಟ್ಟ ಹಾಫ್ ಅಲ್ಲ. ಒಂದೊಂದು ದೂರವೂ ಬೇರೆಯದೇ ಆಟ. ಒಂದು ನಿಮ್ಮ ಸ್ನಾಯುವಿನ ಬಲ ಕೇಳುತ್ತದೆ, ಒಂದು ಉಸಿರು ಕೇಳುತ್ತದೆ, ಇನ್ನೊಂದು ನಿಮ್ಮ ಹೊಟ್ಟೆಗೆ ಓಡುತ್ತಲೇ ಅರಗಿಸಿಕೊಳ್ಳುವ ತಾಕತ್ತಿದೆಯೇ ಎಂದು ಕೇಳುತ್ತದೆ. ಯಾವ ದೂರ ಏನು ಕೇಳುತ್ತದೆ ಎಂದು ಗೊತ್ತಾದರೆ ನಮಗೆ ಯಾವುದು ಒಗ್ಗುತ್ತದೆ ಎಂಬುದೂ ಗೊತ್ತಾಗುತ್ತದೆ.

ದೇಹಕ್ಕೆ ಗೊತ್ತಿರುವುದು ನಿಮಿಷದ ಲೆಕ್ಕ

ಸ್ನಾಯು ಕೆಲಸ ಮಾಡಲು ಎಟಿಪಿ ಎಂಬ ಅಣು ಬೇಕು. ಅದು ಸ್ನಾಯುವಿನಲ್ಲಿ ತಯಾರಾಗಿ ಇರುವುದು ಒಂದೆರಡು ಸೆಕೆಂಡಿನ ಓಟಕ್ಕೆ ಸಾಕಾಗುವಷ್ಟು ಮಾತ್ರ. ಖರ್ಚಾದಂತೆಲ್ಲ ಹೊಸದು ಮಾಡಿಕೊಳ್ಳುತ್ತಲೇ ಇರಬೇಕು. ಅದಕ್ಕೆ ದೇಹದ ಬಳಿ ಮೂರು ದಾರಿಗಳಿವೆ.

ಮೊದಲನೆಯದು ಸ್ನಾಯುವಿನಲ್ಲೇ ಇರುವ ಕ್ರಿಯಾಟಿನ್ ಫಾಸ್ಫೇಟ್. ಕೇಳಿದ ತಕ್ಷಣ ಸಿಗುತ್ತದೆ, ಆದರೆ ಪೂರ್ತಿ ವೇಗದಲ್ಲಿ ಓಡಿದರೆ ಹತ್ತು ಸೆಕೆಂಡಿನ ಸುಮಾರಿಗೆ ತಳ ಕಾಣುತ್ತದೆ. ಎರಡನೆಯದು ಗ್ಲೈಕೋಜೆನ್, ಅಂದರೆ ಸ್ನಾಯುವಿನಲ್ಲಿ ಕೂಡಿಟ್ಟ ಸಕ್ಕರೆ. ಇದನ್ನು ಆಮ್ಲಜನಕಕ್ಕೆ ಕಾಯದೆ ಒಡೆದು ಬಳಸಬಹುದು. ವೇಗವಾಗಿ ಶಕ್ತಿ ಸಿಗುತ್ತದೆ, ಆದರೆ ಒಂದೆರಡು ನಿಮಿಷದೊಳಗೆ ಸ್ನಾಯುವೇ ಮುಷ್ಕರ ಹೂಡುವಂಥ ಸ್ಥಿತಿ ಬರುತ್ತದೆ. ಮೂರನೆಯದು ಆಮ್ಲಜನಕ ಬಳಸಿ ಸಕ್ಕರೆಯನ್ನೂ ಕೊಬ್ಬನ್ನೂ ಉರಿಸುವ ದಾರಿ. ಇದು ನಿಧಾನ, ಆದರೆ ಗಂಟೆಗಟ್ಟಲೆ ನಡೆಯುತ್ತದೆ.

ಮೂರೂ ಒಟ್ಟಿಗೇ ಕೆಲಸ ಮಾಡುತ್ತಿರುತ್ತವೆ. ಯಾವುದರ ಪಾಲು ಎಷ್ಟು ಎಂಬುದಷ್ಟೇ ಬದಲಾಗುತ್ತದೆ. 100 ಮೀಟರ್ ಹೆಚ್ಚುಕಡಿಮೆ ಮೊದಲ ಎರಡರಲ್ಲೇ ಮುಗಿದುಹೋಗುತ್ತದೆ. 800 ಮೀಟರ್‌ಗೆ ಬರುವಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ಶಕ್ತಿ ಆಮ್ಲಜನಕದ ದಾರಿಯಿಂದ ಬರುತ್ತದೆ. 5 ಕಿಲೋಮೀಟರ್‌ನಲ್ಲಿ ಆ ಪಾಲು ಶೇ 90ನ್ನೂ ದಾಟುತ್ತದೆ.

ಇಲ್ಲಿ ನಾವು ಸಾಮಾನ್ಯವಾಗಿ ಗಮನಿಸದ ಒಂದು ಸಂಗತಿಯಿದೆ. ಈ ಪಾಲು ಬದಲಾಗುವುದು ದೂರ ನೋಡಿ ಅಲ್ಲ, ಹೊತ್ತು ನೋಡಿ. ಎಷ್ಟು ಹೊತ್ತು, ಎಷ್ಟು ಜೋರು, ಇವೆರಡೇ ದೇಹಕ್ಕೆ ಅರ್ಥವಾಗುವ ಭಾಷೆ. ಕೀನ್ಯಾದ ಕೆಲ್ವಿನ್ ಕಿಪ್ಟಮ್ 2023ರ ಅಕ್ಟೋಬರ್‌ನಲ್ಲಿ ಶಿಕಾಗೋ ಮ್ಯಾರಥಾನನ್ನು 2 ಗಂಟೆ 35 ಸೆಕೆಂಡಿನಲ್ಲಿ ಮುಗಿಸಿ ವಿಶ್ವದಾಖಲೆ ಮಾಡಿದರು. ನಮ್ಮಲ್ಲಿ ಹಾಫ್ ಮ್ಯಾರಥಾನನ್ನು ಎರಡು ಗಂಟೆಯಲ್ಲಿ ಮುಗಿಸುವವರು ಬೇಕಾದಷ್ಟು ಜನ ಇದ್ದಾರೆ. ಹೊತ್ತಿನ ಲೆಕ್ಕದಲ್ಲಿ ಇಬ್ಬರೂ ಓಡಿದ್ದು ಒಂದೇ ರೇಸ್! ಹಾಗಾದರೆ ಫುಲ್ ಮ್ಯಾರಥಾನನ್ನು ಐದು ಗಂಟೆಯಲ್ಲಿ ಮುಗಿಸುವವರು? ಕಿಪ್ಟಮ್ 2024ರ ಫೆಬ್ರುವರಿಯಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಳ್ಳುವ ಮೊದಲು ಓಡಿದ್ದು ಮೂರೇ ಮ್ಯಾರಥಾನ್, ಮೂರೂ 2 ಗಂಟೆ 2 ನಿಮಿಷದೊಳಗೆ ಮುಗಿದವು. ಐದು ಗಂಟೆ ರಸ್ತೆಯ ಮೇಲಿರುವುದು ಹೇಗಿರುತ್ತದೆ ಎಂದು ತಿಳಿಯುವ ಸಂದರ್ಭ ಅವರಿಗೆ ಯಾವ ಮ್ಯಾರಥಾನಿನಲ್ಲೂ ಬರಲಿಲ್ಲ. ನಿಧಾನವಾಗಿ ಓಡುವವರಿಗೆ ಮ್ಯಾರಥಾನ್ ಸುಲಭ ಎಂದು ಯಾರಾದರೂ ಹೇಳಿದರೆ ಇದನ್ನು ನೆನಪಿಸಿ.

100 ಮೀಟರ್ ಮತ್ತು ಕಂಬಳದ ಪ್ರಶ್ನೆ

100 ಮೀಟರ್‌ನಲ್ಲಿ ತಪ್ಪು ತಿದ್ದಿಕೊಳ್ಳಲು ಸಮಯವೇ ಇಲ್ಲ. ಅದರ ಕಷ್ಟವೂ ಅದೇ, ಸೊಗಸೂ ಅದೇ. ಪಿಸ್ತೂಲಿನ ಸದ್ದಾದ ಮೇಲೆ 0.1 ಸೆಕೆಂಡಿಗಿಂತ ಬೇಗ ಹೊರಟರೆ ಫಾಲ್ಸ್ ಸ್ಟಾರ್ಟ್. ಅಷ್ಟು ಬೇಗ ಕಿವಿಗೆ ಬಿದ್ದ ಸದ್ದು ಕಾಲಿಗೆ ತಲುಪಲಾರದು, ಸದ್ದಿಗೆ ಮೊದಲೇ ಹೊರಟಿದ್ದಾರೆ ಎಂದೇ ಲೆಕ್ಕ. 2009ರಲ್ಲಿ ಬರ್ಲಿನ್‌ನಲ್ಲಿ ಉಸೇನ್ ಬೋಲ್ಟ್ 9.58 ಸೆಕೆಂಡ್ ಓಡಿದಾಗ ಬ್ಲಾಕ್ (ಹೊರಡುವಾಗ ಕಾಲೂರುವ ಚೌಕಟ್ಟು) ಬಿಡಲು ತೆಗೆದುಕೊಂಡದ್ದು 0.146 ಸೆಕೆಂಡ್. 60ರಿಂದ 80 ಮೀಟರ್ ನಡುವೆ ಅವರ ವೇಗ ಗಂಟೆಗೆ ಸುಮಾರು 44.7 ಕಿಲೋಮೀಟರ್ ಇತ್ತು. ಕೊನೆಯ 20 ಮೀಟರ್‌ನಲ್ಲಿ ಅವರೂ ನಿಧಾನವಾದರು. ಟಿವಿಯಲ್ಲಿ ನೋಡುವಾಗ ಗೆಲ್ಲುವವರು ಕೊನೆಗೆ ಇನ್ನಷ್ಟು ವೇಗ ಹೆಚ್ಚಿಸಿದಂತೆ ಕಾಣುತ್ತದೆ, ಅಲ್ವಾ? ನಿಜಕ್ಕೂ ಎಲ್ಲರ ವೇಗವೂ ಇಳಿಯುತ್ತಿರುತ್ತದೆ. ಕಡಿಮೆ ಇಳಿದವರು ಗೆಲ್ಲುತ್ತಾರೆ.

ಕನ್ನಡಿಗರು 100 ಮೀಟರ್ ಬಗ್ಗೆ ಮಾತಾಡುವಾಗ 2020 ನೆನಪಾಗದೆ ಇರುವುದಿಲ್ಲ. ಆ ವರ್ಷ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು (ಓಟದ ಕೆಸರು ಗದ್ದೆ) ಕೋಣಗಳ ಜೊತೆ 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಭಾಗಾಕಾರ ಮಾಡಿ 100 ಮೀಟರ್‌ಗೆ 9.55 ಸೆಕೆಂಡ್ ಎಂದರು. ಬೋಲ್ಟ್‌ಗಿಂತ ವೇಗ ಎಂದು ದೇಶವೇ ಕುಣಿಯಿತು. ಕ್ರೀಡಾ ಇಲಾಖೆಯಿಂದ ಟ್ರಯಲ್ಸ್‌ಗೆ ಕರೆಯೂ ಬಂತು. ಗೌಡರು ಒಲ್ಲೆ ಎಂದರು, ಹೋಲಿಕೆಯೂ ಬೇಡ ಎಂದರು. ಅವರು ಹೇಳಿದ್ದು ಸರಿಯಾಗಿತ್ತು.

ಯಾಕೆ ಅಂದರೆ, 100 ಮೀಟರ್ ರೇಸಿನ ದೊಡ್ಡ ಭಾಗ ನಿಂತಲ್ಲಿಂದ ವೇಗ ಹಿಡಿಯುವುದರಲ್ಲೇ ಕಳೆಯುತ್ತದೆ. ಬೋಲ್ಟ್ ಅದೇ ಬರ್ಲಿನ್‌ನಲ್ಲಿ 200 ಮೀಟರನ್ನು 19.19 ಸೆಕೆಂಡಿನಲ್ಲಿ ಓಡಿದರು. ಅದರ ಮೊದಲ 100ಕ್ಕೆ 9.92 ಸೆಕೆಂಡ್, ಎರಡನೆಯ 100ಕ್ಕೆ ಬರೀ 9.27. ಆಗಲೇ ವೇಗದಲ್ಲಿದ್ದ ದೇಹಕ್ಕೆ 100 ಮೀಟರ್ ಅಷ್ಟು ಬೇಗ ಮುಗಿಯುತ್ತದೆ. 142.5 ಮೀಟರ್‌ನ ಸರಾಸರಿ ತೆಗೆದರೆ ಶುರುವಿನ ನಿಧಾನಗತಿ ಅದರಲ್ಲಿ ಕರಗಿಹೋಗುತ್ತದೆ. ಇನ್ನು ಕಂಬಳದಲ್ಲಿ ಓಟಗಾರನನ್ನು ಕೋಣಗಳು ಮುಂದಕ್ಕೆ ಎಳೆಯುತ್ತವೆ. ಹಾಗೆಂದು ಕೆಸರು ನೀರಿನಲ್ಲಿ ಬರಿಗಾಲಲ್ಲಿ, ಅಷ್ಟು ತೂಕದ ಜೋಡಿಯ ಹಿಂದೆ ಬೀಳದೆ ಓಡುವುದು ಬೋಲ್ಟ್‌ಗೂ ಸಾಧ್ಯವಿಲ್ಲದ ಕೆಲಸ. ಎರಡೂ ದೊಡ್ಡ ಓಟಗಳೇ. ಒಂದರ ಗಡಿಯಾರ ಇನ್ನೊಂದಕ್ಕೆ ಹೊಂದುವುದಿಲ್ಲ ಅಷ್ಟೇ.

ಒಂದು ಸುತ್ತು, ಎರಡು ಸುತ್ತು

ಈಗ ನನಗೆ ತುಂಬಾ ಇಷ್ಟವಾದ ಎರಡು ರೇಸ್‌ಗಳಿಗೆ ಬರುತ್ತೇನೆ. ಇವುಗಳ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಯಾಕೆಂದರೆ ರಸ್ತೆ ಓಟದ ಗದ್ದಲದಲ್ಲಿ ಇವನ್ನು ಎಲ್ಲರೂ ಮರೆತೇಬಿಟ್ಟಿದ್ದೇವೆ.

ತಾಲ್ಲೂಕು ಮಟ್ಟದ ಕ್ರೀಡಾಕೂಟದಲ್ಲಿ 400 ಮೀಟರ್ ನೋಡಿದವರಿಗೆ ಇದು ಕಣ್ಣಿಗೆ ಕಟ್ಟಿದಂತಿರುತ್ತದೆ. ಸುಣ್ಣದ ಪುಡಿಯಲ್ಲಿ ಎಳೆದ ಗೆರೆ, ಮಣ್ಣಿನ ಮೈದಾನ. ಸೀಟಿ ಊದಿದ ಕೂಡಲೇ ಎಲ್ಲ ಹುಡುಗರೂ 100 ಮೀಟರ್ ಓಡುವವರಂತೆ ನುಗ್ಗುತ್ತಾರೆ. ಎದುರು ಬದಿಯ ನೇರ ಗೆರೆಯವರೆಗೆ ಎಲ್ಲ ಚೆನ್ನಾಗಿರುತ್ತದೆ. ಕೊನೆಯ ತಿರುವು ದಾಟುವಾಗ ಒಬ್ಬೊಬ್ಬರದೇ ಭುಜ ಕಿವಿಯ ಹತ್ತಿರಕ್ಕೆ ಏರತೊಡಗುತ್ತದೆ. ದವಡೆ ಬಿಗಿಯುತ್ತದೆ. ತಲೆ ಹಿಂದಕ್ಕೆ ವಾಲುತ್ತದೆ. ಕೈ ಮುಂದೆ ಹಿಂದೆ ಹೋಗುವುದು ಬಿಟ್ಟು ಎದೆಗೆ ಅಡ್ಡಡ್ಡ ಬೀಸುತ್ತದೆ. ಮಂಡಿ ಮೇಲೇಳುವುದೇ ಇಲ್ಲ. ಗೆರೆ ದಾಟಿದವರು ಹುಲ್ಲಿನ ಮೇಲೆ ಅಂಗಾತ ಬೀಳುತ್ತಾರೆ, ಕೆಲವರಿಗೆ ವಾಂತಿಯೂ ಆಗುತ್ತದೆ. ಪಿಟಿ ಮೇಷ್ಟ್ರು "ಮಲಗಬೇಡ, ಎದ್ದು ನಡೀ" ಎಂದು ಕೂಗುತ್ತಿರುತ್ತಾರೆ.

ಇದೆಲ್ಲ ಲ್ಯಾಕ್ಟಿಕ್ ಆಸಿಡ್‌ನಿಂದ ಎಂದು ನಾವು ಶಾಲೆಯಲ್ಲಿ ಕಲಿತಿದ್ದೇವೆ. ಈಗಿನ ತಿಳಿವಳಿಕೆ ಸ್ವಲ್ಪ ಬೇರೆ. ಲ್ಯಾಕ್ಟೇಟ್ ವಿಷವಲ್ಲ, ಅದನ್ನು ಹೃದಯ ಮತ್ತು ಬೇರೆ ಸ್ನಾಯುಗಳು ಇಂಧನವಾಗಿ ಬಳಸಿಕೊಳ್ಳುತ್ತವೆ. ಆದರೆ ಸಕ್ಕರೆಯನ್ನು ಅಷ್ಟು ಅವಸರದಲ್ಲಿ ಒಡೆಯುವಾಗ ಸ್ನಾಯುವಿನೊಳಗೆ ಆಮ್ಲೀಯತೆ ಏರುತ್ತದೆ, ಫಾಸ್ಫೇಟ್ ಸೇರಿಕೊಳ್ಳುತ್ತದೆ. ಸ್ನಾಯು ಬಿಗಿಯಾಗಿ ಸಂಕುಚಿಸುವ ಶಕ್ತಿ ಕಳೆದುಕೊಳ್ಳುತ್ತದೆ. ಮನಸ್ಸು ಎಷ್ಟೇ ಗಟ್ಟಿಯಿದ್ದರೂ ಕಾಲು ಮಾತು ಕೇಳುವುದಿಲ್ಲ.

ಹಾಗಾಗಿ 400 ಮೀಟರ್‌ನಲ್ಲಿ ಜಾಣತನ ಇರುವುದು ಮೊದಲ ಅರ್ಧದಲ್ಲಿ. ಜಾಸ್ತಿ ಹೋದರೆ ಸಾಯುತ್ತೀರಿ, ಕಡಿಮೆ ಹೋದರೆ ಆ ಅಂತರ ಮತ್ತೆ ಸಿಗುವುದಿಲ್ಲ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಮಿಲ್ಖಾ ಸಿಂಗ್ ನಾಲ್ಕನೆಯವರಾದರು. ಮೂರನೆಯವರಿಗೂ ಅವರಿಗೂ ಕೈಯಲ್ಲಿ ಹಿಡಿದ ಸ್ಟಾಪ್‌ವಾಚಿನ ಲೆಕ್ಕದಲ್ಲಿ 0.1 ಸೆಕೆಂಡ್ ಅಂತರ. ಅರ್ಧ ದಾರಿ ದಾಟಿದ ಮೇಲೆ, ಈ ವೇಗ ಕೊನೆತನಕ ಉಳಿಯದೇನೋ ಅನ್ನಿಸಿ ಸ್ವಲ್ಪ ತಗ್ಗಿಸಿದೆ ಎಂದು ಅವರೇ ಆಮೇಲೆ ಹೇಳಿಕೊಂಡಿದ್ದಾರೆ. ಬದುಕಿಡೀ ಅವರನ್ನು ಕಾಡಿದ ಕ್ಷಣ ಅದು. 1984ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಪಿ.ಟಿ. ಉಷಾ ಇದೇ ದೂರವನ್ನು ಹರ್ಡಲ್ಸ್ ಸಮೇತ ಓಡಿ 55.42 ಸೆಕೆಂಡ್ ಮಾಡಿದರು. ಕಂಚು ಹೋದದ್ದು 55.41ಕ್ಕೆ.

ಇನ್ನೊಂದು ಕಡೆ, 2018ರಲ್ಲಿ ಫಿನ್ಲೆಂಡಿನ ಟಾಂಪೆರೆಯಲ್ಲಿ ಅಸ್ಸಾಮಿನ ಹಿಮಾ ದಾಸ್ ಓಡಿದ ರೇಸ್ ನೋಡಿ. 20 ವರ್ಷದೊಳಗಿನವರ ವಿಶ್ವ ಚಾಂಪಿಯನ್‌ಷಿಪ್. ಕೊನೆಯ ತಿರುವು ಮುಗಿದಾಗ ಆಕೆ ಮೊದಲ ಮೂವರಲ್ಲಿ ಇರಲಿಲ್ಲ. ಮುಂದಿದ್ದವರು ಬಿಗಿಯತೊಡಗಿದರು, ಆಕೆ ಬಿಗಿಯಲಿಲ್ಲ. 51.46 ಸೆಕೆಂಡಿನಲ್ಲಿ ಚಿನ್ನ. ನಮ್ಮ ಕೊಡಗಿನ ಎಂ.ಆರ್. ಪೂವಮ್ಮ 2014ರ ಇಂಚಿಯಾನ್ ಏಷ್ಯನ್ ಗೇಮ್ಸ್‌ನಲ್ಲಿ ಕಂಚು ಗೆದ್ದದ್ದೂ, 4x400 ರಿಲೇಯಲ್ಲಿ ಚಿನ್ನದ ತಂಡದಲ್ಲಿದ್ದದ್ದೂ ಇದೇ ದೂರದಲ್ಲಿ. ಭಾರತದ ಟ್ರ್ಯಾಕ್ ಚರಿತ್ರೆಯಲ್ಲಿ ಎದೆ ಉಬ್ಬಿಸುವ ಮತ್ತು ಎದೆ ಒಡೆಯುವ ಕಥೆಗಳಲ್ಲಿ ಎಷ್ಟೊಂದು ಈ ಒಂದು ಸುತ್ತಿನಲ್ಲೇ ಇವೆ ನೋಡಿ.

800 ಮೀಟರ್ ಇನ್ನೂ ವಿಚಿತ್ರ. ಇದು ಸ್ಪ್ರಿಂಟೂ ಅಲ್ಲ, ದೂರದ ಓಟವೂ ಅಲ್ಲ. 400 ಓಡುವವರಿಗೆ ಉಸಿರು ಸಾಲದು, 1500 ಓಡುವವರಿಗೆ ವೇಗ ಸಾಲದು. ಗಂಡಸರ ಒಲಿಂಪಿಕ್ಸ್‌ನಲ್ಲಿ ಒಂದೇ ಕೂಟದಲ್ಲಿ 400 ಮತ್ತು 800 ಎರಡನ್ನೂ ಗೆದ್ದವರು ಒಬ್ಬರೇ, 1976ರ ಮಾಂಟ್ರಿಯಲ್‌ನಲ್ಲಿ ಕ್ಯೂಬಾದ ಆಲ್ಬರ್ಟೊ ಜುವಾಂಟೊರೀನಾ. ಆ 800 ಫೈನಲ್‌ನ ಮೊದಲ ಸುತ್ತಿನಲ್ಲಿ ಎಲ್ಲರನ್ನೂ ಮುನ್ನಡೆಸಿದ್ದು ನಮ್ಮ ಶ್ರೀರಾಮ್ ಸಿಂಗ್. ಕೊನೆಗೆ ಏಳನೆಯವರಾದರು, ಆದರೆ 1 ನಿಮಿಷ 45.77 ಸೆಕೆಂಡಿನ ಆ ಓಟ 2018ರವರೆಗೂ ರಾಷ್ಟ್ರೀಯ ದಾಖಲೆಯಾಗಿ ಉಳಿಯಿತು.

ಈ ದೂರದ ಸೊಬಗು ನೋಡಬೇಕೆಂದರೆ 2012ರ ಲಂಡನ್ ಫೈನಲ್ ನೋಡಿ. ಕೀನ್ಯಾದ ಡೇವಿಡ್ ರುಡಿಶಾ ಯಾರ ಹಿಂದೆಯೂ ಅಡಗಲಿಲ್ಲ. ಮೊದಲ ಸುತ್ತು 49.28 ಸೆಕೆಂಡ್, ಎರಡನೆಯದು 51.63. ಒಟ್ಟು 1 ನಿಮಿಷ 40.91 ಸೆಕೆಂಡ್, ವಿಶ್ವದಾಖಲೆ. ಅವರ ವೇಗಕ್ಕೆ ಕಟ್ಟುಬಿದ್ದು ಉಳಿದವರೂ ಹೇಗೆ ಓಡಿದರೆಂದರೆ, ಕೊನೆಯವರಾಗಿ ಬಂದವರ ಸಮಯ ಹಿಂದಿನ ಮೂರು ಒಲಿಂಪಿಕ್ಸ್‌ಗಳಲ್ಲಿ ಚಿನ್ನ ತರುವಷ್ಟಿತ್ತು.

ಇದೇ 800 ಮೀಟರ್ ಹೆಸರಿನಲ್ಲಿ ಒಂದು ದೊಡ್ಡ ಅನ್ಯಾಯವೂ ನಡೆದಿದೆ. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಹೆಂಗಸರು ಮೊದಲ ಬಾರಿ 800 ಓಡಿದರು. ಮುಗಿಸಿದ ಮೇಲೆ ದಣಿದು ಕುಸಿದರು ಎಂದು ಪತ್ರಿಕೆಗಳು ಉಪ್ಪುಖಾರ ಹಚ್ಚಿ ಬರೆದವು. ಮುಗಿಸಿದ ಮೇಲೆ ದಣಿಯದೆ ಇರುತ್ತಾರೆಯೇ? ಆ ನೆಪದಲ್ಲಿ ರೇಸನ್ನೇ ತೆಗೆದುಹಾಕಿದರು. 1960ರವರೆಗೆ ಒಲಿಂಪಿಕ್ಸ್‌ನಲ್ಲಿ ಹೆಂಗಸರಿಗೆ 200 ಮೀಟರ್‌ಗಿಂತ ಉದ್ದದ ಓಟವೇ ಇರಲಿಲ್ಲ. ಮ್ಯಾರಥಾನ್ ಸಿಗಲು 1984 ಬರಬೇಕಾಯಿತು. ದೂರ ಹೆಚ್ಚಾದರೆ ಕಷ್ಟ ಹೆಚ್ಚು, ಕಷ್ಟ ಹೆಚ್ಚಾದರೆ ಅದು ಕೆಲವರಿಗಷ್ಟೇ ಎಂಬ ಏಣಿಯ ಯೋಚನೆ ಎಲ್ಲಿಗೆ ಕರೆದೊಯ್ಯುತ್ತದೆ ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

1500: ಗಡಿಯಾರಕ್ಕಿಂತ ಗುಂಪು ಮುಖ್ಯ

1500 ಮೀಟರ್ ತಲೆ ಓಡಿಸುವವರ ರೇಸ್. ಮುಂದಿರುವವರು ಗಾಳಿ ಸೀಳಬೇಕು, ಹಿಂದಿರುವವರು ಅವರ ಮರೆಯಲ್ಲಿ ಆರಾಮಾಗಿ ಬರಬಹುದು. ಹಾಗಾಗಿ ದೊಡ್ಡ ಕೂಟಗಳಲ್ಲಿ ಯಾರಿಗೂ ಮುಂದೆ ಹೋಗಲು ಮನಸ್ಸಿರುವುದಿಲ್ಲ. 2016ರ ರಿಯೊ ಫೈನಲನ್ನು ಅಮೆರಿಕದ ಮ್ಯಾಥ್ಯೂ ಸೆಂಟ್ರೊವಿಟ್ಜ್ ಗೆದ್ದದ್ದು 3 ನಿಮಿಷ 50 ಸೆಕೆಂಡಿನಲ್ಲಿ. 1932ರ ನಂತರ ಒಲಿಂಪಿಕ್ಸ್‌ನ ಅತಿ ನಿಧಾನದ ಗೆಲುವು ಅದು. ವಿಶ್ವದಾಖಲೆಗಿಂತ 24 ಸೆಕೆಂಡ್ ಹಿಂದೆ! ಕೆಲವೇ ವಾರಗಳ ಬಳಿಕ ಅದೇ ಊರಿನ ಪ್ಯಾರಾಲಿಂಪಿಕ್ಸ್‌ನಲ್ಲಿ ದೃಷ್ಟಿದೋಷವಿರುವ ನಾಲ್ವರು ಓಟಗಾರರು ಒಂದೇ ರೇಸಿನಲ್ಲಿ ಅದಕ್ಕಿಂತ ಬೇಗ ಓಡಿದರು. ಸೆಂಟ್ರೊವಿಟ್ಜ್ ಆ ಗುಂಪನ್ನು ಮುಂದಿನಿಂದ ಹಿಡಿದಿಟ್ಟು, ಕೊನೆಯ ಸುತ್ತಿನಲ್ಲಿ ಯಾರಿಗೂ ದಾಟಲು ಬಿಡಲಿಲ್ಲ. ಅವರು ಓಡಿದ್ದು ಎದುರಾಳಿಗಳ ಜೊತೆ, ಗಡಿಯಾರದ ಜೊತೆ ಅಲ್ಲ.

5 ಮತ್ತು 10 ಕಿಲೋಮೀಟರ್

ನಮ್ಮಂಥ ಸಾಮಾನ್ಯರ ಲೋಕ ಶುರುವಾಗುವುದು ಇಲ್ಲಿಂದ. ಬೆಂಗಳೂರಿನಲ್ಲಿ 2008ರಿಂದ ವರ್ಲ್ಡ್ 10ಕೆ ನಡೆಯುತ್ತಿದೆ. ಜಗತ್ತಿನ ದೊಡ್ಡ ಓಟಗಾರರು ಓಡಿದ ರಸ್ತೆಯಲ್ಲೇ ಅದೇ ಬೆಳಿಗ್ಗೆ ನಾವೂ ಓಡಬಹುದು. ಬೇರೆ ಯಾವ ಆಟದಲ್ಲಿ ಇಂಥ ಭಾಗ್ಯವಿದೆ ಹೇಳಿ?

ಇಲ್ಲಿ ಕೆಲಸಕ್ಕೆ ಬರುವ ಒಂದು ತಿಳಿವಳಿಕೆ ಇದೆ. ಒಂದು ವೇಗದವರೆಗೆ ದೇಹ ಹುಟ್ಟುವ ಲ್ಯಾಕ್ಟೇಟನ್ನು ಅಲ್ಲಲ್ಲೇ ಬಳಸಿಕೊಂಡು ನಿಭಾಯಿಸುತ್ತದೆ. ಆ ಮಿತಿ ದಾಟಿದರೆ ಅದು ಸೇರುತ್ತಾ ಹೋಗುತ್ತದೆ. ಈ ಮಿತಿಗೆ ಥ್ರೆಷೋಲ್ಡ್ ಅನ್ನುತ್ತಾರೆ. ಸುಮಾರಾಗಿ, ನೀವು ಒಂದು ಗಂಟೆ ಹಿಡಿದಿಡಬಲ್ಲ ಅತಿ ಹೆಚ್ಚಿನ ವೇಗ ಅದು. ಆ ವೇಗದಲ್ಲಿ ಪಕ್ಕದವರ ಜೊತೆ ಮೂರು ನಾಲ್ಕು ಪದ ಆಡಬಹುದು, ಪೂರ್ತಿ ವಾಕ್ಯ ಆಗುವುದಿಲ್ಲ. 10 ಕಿಲೋಮೀಟರನ್ನು 55 ನಿಮಿಷ, ಒಂದು ಗಂಟೆಯಲ್ಲಿ ಮುಗಿಸುವವರು ಇಡೀ ರೇಸ್ ಈ ಗೆರೆಯ ಮೇಲೇ ಓಡುತ್ತಿರುತ್ತಾರೆ. 5 ಕಿಲೋಮೀಟರ್‌ನಲ್ಲಿ ಆ ಗೆರೆಯನ್ನು ದಾಟಿಯೇ ಓಡಬೇಕು.

ಅದಕ್ಕೇ 5ಕೆ "ಸಣ್ಣ" ಓಟ ಎಂಬ ಮಾತು ನನಗೆ ಸರಿ ಕಾಣುವುದಿಲ್ಲ. ಸುಮ್ನೆ ಮುಗಿಸುವುದು ಸುಲಭ ನಿಜ. ಪೂರ್ತಿ ಬಲ ಹಾಕಿ ಓಡಿದರೆ ಮೂರನೆಯ ಕಿಲೋಮೀಟರ್ ಬರುವಾಗ ಉಸಿರು ಕುತ್ತಿಗೆಗೆ ಬಂದಿರುತ್ತದೆ, ಶುರುವಿನ ಹುಮ್ಮಸ್ಸು ಹೋಗಿರುತ್ತದೆ, ಕೊನೆ ಇನ್ನೂ ಕಾಣುತ್ತಿರುವುದಿಲ್ಲ. ಆ ಐದು ಆರು ನಿಮಿಷ ವೇಗ ಬಿಡದೆ ಇರುವುದೇ ಈ ರೇಸ್. ಇದರ ಇನ್ನೊಂದು ಲಾಭವೆಂದರೆ ಬೇಗ ಚೇತರಿಸಿಕೊಳ್ಳುತ್ತೀರಿ. ಒಂದು ವಾರ ಕೆಟ್ಟರೂ ಎರಡು ವಾರ ಬಿಟ್ಟು ಮತ್ತೆ ಪ್ರಯತ್ನಿಸಬಹುದು. ಓಡುವುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ದೂರ ಇಲ್ಲ ಎಂದೇ ನನ್ನ ಅಭಿಪ್ರಾಯ.

ಹಾಫ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 21.0975 ಕಿಲೋಮೀಟರ್. ತಯಾರಿಗೆ ಶ್ರಮ ಬೇಕು, ಆದರೆ ಸಂಸಾರ, ಕೆಲಸ ಬಿಟ್ಟು ಓಡುವಷ್ಟಲ್ಲ. ಭಾನುವಾರದ ಲಾಂಗ್ ರನ್ ಮುಗಿಸಿ ಬಂದರೂ ಮಧ್ಯಾಹ್ನ ಮನೆಯವರ ಜೊತೆ ಓಡಾಡಲು ಕಾಲಿನಲ್ಲಿ ಜೀವ ಇರುತ್ತದೆ. ಇದು ಇಷ್ಟು ಜನಪ್ರಿಯವಾಗಿರುವುದಕ್ಕೆ ಕಾರಣ ಅದೇ.

ಮ್ಯಾರಥಾನ್: ಮೂವತ್ತರ ನಂತರ

42.195 ಎಂಬ ಅಂಕಿ ಯಾವ ಗ್ರೀಕ್ ವೀರನದೂ ಅಲ್ಲ. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಓಟ ವಿಂಡ್ಸರ್ ಅರಮನೆಯಿಂದ ಹೊರಟು ಸ್ಟೇಡಿಯಮ್ಮಿನಲ್ಲಿ ರಾಜಮನೆತನದವರ ಆಸನದ ಮುಂದೆ ಮುಗಿಯಿತು. ಆ ದೂರವೇ 1921ರಲ್ಲಿ ಅಧಿಕೃತವಾಯಿತು. 1896ರ ಮೊದಲ ಒಲಿಂಪಿಕ್ ಮ್ಯಾರಥಾನ್ ಸುಮಾರು 40 ಕಿಲೋಮೀಟರ್ ಇತ್ತು. ಆದರೆ ಕಾಕತಾಳೀಯವಾಗಿ ಈ ದೂರ ಮನುಷ್ಯನ ದೇಹದ ಒಂದು ಮಿತಿಯನ್ನು ಸರಿಯಾಗಿ ದಾಟುತ್ತದೆ.

ಲೆಕ್ಕ ಹಾಕೋಣ. ಯಕೃತ್ತಿನಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ ಸುಮಾರು 400 ಗ್ರಾಂ ಗ್ಲೈಕೋಜೆನ್ ಇರುತ್ತದೆ. ಗ್ರಾಂಗೆ 4 ಕ್ಯಾಲೊರಿಯಂತೆ 2000 ಕ್ಯಾಲೊರಿ. ಓಡಲು ಒಂದು ಕಿಲೋ ತೂಕಕ್ಕೆ, ಒಂದು ಕಿಲೋಮೀಟರ್‌ಗೆ ಹೆಚ್ಚುಕಡಿಮೆ ಒಂದು ಕ್ಯಾಲೊರಿ ಬೇಕು. 60 ಕಿಲೋ ತೂಗುವವರಿಗೆ 42 ಕಿಲೋಮೀಟರ್‌ಗೆ 2500 ಕ್ಯಾಲೊರಿಗಿಂತ ಜಾಸ್ತಿ. ಕೊಬ್ಬಿನಿಂದಲೂ ಒಂದಿಷ್ಟು ಶಕ್ತಿ ಬರುತ್ತದೆ. ಆದರೆ ವೇಗ ಹೆಚ್ಚಿದಷ್ಟೂ ದೇಹ ಸಕ್ಕರೆಯನ್ನೇ ಹೆಚ್ಚು ಕೇಳುತ್ತದೆ. ಶುರುವಿನಲ್ಲಿ ಆವೇಶದಿಂದ ಓಡಿದವರ ಸಕ್ಕರೆ ಮೂವತ್ತು, ಮೂವತ್ತೈದರ ಹೊತ್ತಿಗೆ ಮುಗಿಯುತ್ತಾ ಬರುತ್ತದೆ. ಓಟಗಾರರು "ವಾಲ್ ಹೊಡೀತು" ಅನ್ನುವುದು ಆಗ. ಎಷ್ಟೇ ತೆಳ್ಳಗಿನವರಲ್ಲೂ ಕೊಬ್ಬು ಬೇಕಾದಷ್ಟಿದೆ, ಆದರೆ ಅದನ್ನು ಉರಿಸಲು ಆಮ್ಲಜನಕ ಹೆಚ್ಚು ಬೇಕು. ಒಲೆಯಲ್ಲಿ ಗ್ಯಾಸ್ ಮುಗಿದು ಹಸಿ ಸೌದೆ ಹಚ್ಚಿದಂತೆ ಆಗುತ್ತದೆ. ಉರಿ ಇರುತ್ತದೆ, ಕಾವು ಇರುವುದಿಲ್ಲ.

ಮುಂಬೈ ಮ್ಯಾರಥಾನ್ ಓಡಿದವರಿಗೆ ಪೆಡ್ಡರ್ ರೋಡ್ ಹೆಸರು ಹೇಳಿದರೆ ಸಾಕು. ವಾಪಸು ಬರುವಾಗ 35 ಕಿಲೋಮೀಟರ್ ದಾಟಿದ ಮೇಲೆ ಎದುರಾಗುವ ಏರು ಅದು. ಬೇರೆ ದಿನ ನಡೆದು ಹೋದರೆ ಏರು ಎಂದೇ ಅನ್ನಿಸದು. ಅಂದು ಬಿಸಿಲು ಏರಿರುತ್ತದೆ, ಕಡಲ ಗಾಳಿಯ ಸೆಖೆಗೆ ಬೆವರು ಆರುವುದಿಲ್ಲ. ನಿಮಿಷಕ್ಕೆ 160 ಹೆಜ್ಜೆ ಎಂದರೂ ನಾಲ್ಕು ಗಂಟೆಗೆ 38 ಸಾವಿರ ಹೆಜ್ಜೆ ದಾಟುತ್ತದೆ, ಪ್ರತಿ ಹೆಜ್ಜೆಯ ಪೆಟ್ಟನ್ನೂ ತೊಡೆ ತಿಂದಿರುತ್ತದೆ. ಮಿದುಳಿಗೂ ಸಕ್ಕರೆಯೇ ಬೇಕು, ಅದು ಕಡಿಮೆಯಾದಾಗ ಕಾರಣವಿಲ್ಲದೆ ಅಳು ಬರುತ್ತದೆ, ಸಣ್ಣ ಕೂಡುವ ಲೆಕ್ಕವೂ ತಪ್ಪುತ್ತದೆ. ಪಕ್ಕದ ಕಟ್ಟಡದವರು ಕಿತ್ತಳೆ ತೊಳೆ, ಬಿಸ್ಕತ್ತು ಹಿಡಿದು ನಿಂತಿರುತ್ತಾರೆ. ಅವರು ಯಾರೋ, ನಾವು ಯಾರೋ. ಆ ಹೊತ್ತಿನಲ್ಲಿ ಆ ಒಂದು ತೊಳೆಗಿರುವ ಬೆಲೆ ಓಡಿದವರಿಗೇ ಗೊತ್ತು.

ವಾಲ್ ತಪ್ಪಿಸುವುದು ಅಸಾಧ್ಯವೇನಲ್ಲ. ಮೊದಲ ಹತ್ತು ಕಿಲೋಮೀಟರನ್ನು ಇದು ತೀರಾ ನಿಧಾನವಾಯಿತೇನೋ ಅನ್ನಿಸುವಷ್ಟು ತಡೆದು ಓಡಬೇಕು. ಕೊನೆಯ ಎರಡು ದಿನ ಅನ್ನ, ಇಡ್ಲಿ, ಆಲೂಗಡ್ಡೆ ಒಂದಿಷ್ಟು ಜಾಸ್ತಿ ಉಣ್ಣಬೇಕು. ಓಡುವಾಗ ಗಂಟೆಗೆ 30ರಿಂದ 60 ಗ್ರಾಂ ಸಕ್ಕರೆ ಒಳಗೆ ಹೋಗಬೇಕು, ಜೆಲ್ ಆಗಲಿ ಖರ್ಜೂರ ಆಗಲಿ. ಇದನ್ನೂ ಲಾಂಗ್ ರನ್‌ಗಳಲ್ಲೇ ಹೊಟ್ಟೆಗೆ ರೂಢಿ ಮಾಡಿಸಬೇಕು. ಬಾಯಾರಿಕೆ ನೋಡಿ ನೀರು ಕುಡಿಯಿರಿ. ನಾಲ್ಕೈದು ಗಂಟೆ ಬರೀ ನೀರನ್ನೇ ಸಿಕ್ಕಸಿಕ್ಕಲ್ಲಿ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ಜೀವಕ್ಕೇ ಅಪಾಯವಾಗಬಹುದು. ಎಲ್ಲರೂ ನೀರಿನ ಕೊರತೆಗೆ ಹೆದರುತ್ತಾರೆ, ನಿಧಾನವಾಗಿ ಓಡುವವರಿಗೆ ಅತಿಯಾಗುವ ಭಯವೂ ಇದೆ.

ಭಾರತದಲ್ಲಿ ಮ್ಯಾರಥಾನ್ ಎಂದರೆ ಶಿವನಾಥ್ ಸಿಂಗ್ ಹೆಸರು ಹೇಳಲೇಬೇಕು. 1978ರಲ್ಲಿ ಜಲಂಧರ್‌ನಲ್ಲಿ ಅವರು 2 ಗಂಟೆ 12 ನಿಮಿಷ ಓಡಿದರು. ಇಂದಿನ ಬೂಟುಗಳಿಲ್ಲ, ಜೆಲ್ ಇಲ್ಲ. ಆ ದಾಖಲೆ ದಶಕಗಳ ಕಾಲ ಯಾರ ಕೈಗೂ ಸಿಗಲಿಲ್ಲ.

ಅದರಾಚೆಗೆ

42ನ್ನು ದಾಟಿದ್ದೆಲ್ಲ ಅಲ್ಟ್ರಾ. ಮಲೆನಾಡಿನ ಕಾಫಿ ತೋಟಗಳ ದಾರಿಯಲ್ಲಿ ನಡೆಯುವ ಮಲ್ನಾಡ್ ಅಲ್ಟ್ರಾ ನಮಗೆ ಹತ್ತಿರದ್ದು. ದಕ್ಷಿಣ ಆಫ್ರಿಕಾದ ಕಾಮ್ರೇಡ್ಸ್ 1921ರಿಂದ ನಡೆಯುತ್ತಿದೆ, ಸುಮಾರು 90 ಕಿಲೋಮೀಟರ್, 12 ಗಂಟೆಯೊಳಗೆ ಮುಗಿಸಬೇಕು. ಗ್ರೀಸ್‌ನ ಸ್ಪಾರ್ಟಾಥ್ಲಾನ್ ಅಥೆನ್ಸ್‌ನಿಂದ ಸ್ಪಾರ್ಟಾಕ್ಕೆ 246 ಕಿಲೋಮೀಟರ್.

ಆಶ್ಚರ್ಯ ಅಂದರೆ ಇಲ್ಲಿ ಉಸಿರು ಕಟ್ಟುವುದೇ ಇಲ್ಲ. ಹರಟುತ್ತಾ ಓಡಬಹುದು, ಏರಿನಲ್ಲಿ ಎಲ್ಲರೂ ನಡೆಯುತ್ತಾರೆ, ಅದಕ್ಕೆ ಯಾರೂ ನಾಚುವುದಿಲ್ಲ. ಸೋಲಿಸುವುದು ಕಾಲ ಬೆರಳಿನ ಗುಳ್ಳೆ, ಏನು ತಿಂದರೂ ಹೊರಹಾಕುವ ಹೊಟ್ಟೆ, ಇಳಿಜಾರಿನಲ್ಲಿ ಚೂರಾಗುವ ತೊಡೆ, ರಾತ್ರಿಯ ನಿದ್ದೆ. ಉಪ್ಪಿನ ಕಡಲೆಬೀಜ, ಬೇಯಿಸಿದ ಆಲೂಗಡ್ಡೆ, ಮೊಸರನ್ನ ಇಲ್ಲಿ ಬೂಟಿನಷ್ಟೇ ಮುಖ್ಯ. ತಾಳ್ಮೆ ಇರುವವರಿಗೆ, ವೇಗದ ಗೀಳಿಲ್ಲದವರಿಗೆ, ಕಾಡು ಗುಡ್ಡ ಇಷ್ಟಪಡುವವರಿಗೆ ಹೇಳಿ ಮಾಡಿಸಿದ್ದು. 400 ಓಡುವ ಹುಡುಗಿ ಅನುಭವಿಸುವ ಆ ಕೊನೆಯ ಹನ್ನೆರಡು ಸೆಕೆಂಡಿನ ಉರಿ ಮಾತ್ರ ಅಲ್ಟ್ರಾದ ಯಾವ ಗಂಟೆಯಲ್ಲೂ ಸಿಗುವುದಿಲ್ಲ.

ಹಾಗಾದರೆ ಎಲ್ಲಿಂದ ಶುರು?

ಯಾವ ದೂರ ನಿಮ್ಮದು ಎಂದು ತಿಳಿಯಲು ಒಂದು ಸರಳ ದಾರಿ ಹೇಳುತ್ತೇನೆ. ಮೊದಲು ಕೆಲವು ತಿಂಗಳು ಮಾತಾಡುತ್ತಾ ಓಡುವಷ್ಟು ಆರಾಮಿನ ವೇಗದಲ್ಲಿ ವಾರಕ್ಕೆ ಮೂರು ನಾಲ್ಕು ದಿನ ಓಡಿ. ನಲವತ್ತು ದಾಟಿದ್ದರೆ, ಬಿಪಿ ಸಕ್ಕರೆ ಇದ್ದರೆ, ಎದೆ ನೋವಿನ ಇತಿಹಾಸವಿದ್ದರೆ ಶುರು ಮಾಡುವ ಮೊದಲೇ ಡಾಕ್ಟರಿಗೆ ತೋರಿಸಿಕೊಳ್ಳಿ.

ಆಮೇಲೆ ಒಂದು ಬೆಳಿಗ್ಗೆ ಹತ್ತಿರದ ಕ್ರೀಡಾಂಗಣದ 400 ಮೀಟರ್ ಟ್ರ್ಯಾಕ್‌ನಲ್ಲಿ 5 ಕಿಲೋಮೀಟರ್ ಓಡಿ. ಹನ್ನೆರಡೂವರೆ ಸುತ್ತು. ಯಾರಾದರೂ ಸ್ನೇಹಿತರನ್ನು ನಿಲ್ಲಿಸಿ ಒಂದೊಂದು ಸುತ್ತಿನ ಸಮಯವನ್ನೂ ಬರೆಸಿಕೊಳ್ಳಿ. 25 ನಿಮಿಷಕ್ಕೆ ಮುಗಿಸಬೇಕೆಂದರೆ ಸುತ್ತಿಗೆ ಸರಿಯಾಗಿ 2 ನಿಮಿಷ, 30 ನಿಮಿಷವಾದರೆ 2 ನಿಮಿಷ 24 ಸೆಕೆಂಡ್. ಮನೆಗೆ ಬಂದು ಆ ಚೀಟಿ ನೋಡಿ. ಎಲ್ಲ ಸುತ್ತುಗಳೂ ಹೆಚ್ಚುಕಡಿಮೆ ಒಂದೇ ಥರ ಬಂದಿದ್ದು, ಮುಗಿಸಿದಾಗ ಇನ್ನೂ ಓಡಬಹುದಿತ್ತು ಅನ್ನಿಸಿದ್ದರೆ 10, 21ರ ಕಡೆ ಹೋಗಿ. ಎಂಟು, ಒಂಬತ್ತನೆಯ ಸುತ್ತಿನಲ್ಲಿ ನಿಧಾನವಾಗಿದ್ದು ಕೊನೆಯ ಸುತ್ತು ಏಕಾಏಕಿ ಜೋರಾಗಿದ್ದರೆ ಇನ್ನೊಂದು ಬೆಳಿಗ್ಗೆ ಅದೇ ಟ್ರ್ಯಾಕ್‌ಗೆ ಬಂದು ಒಂದು 800 ಓಡಿ ನೋಡಿ.